ಕರಡಕ್ಕನ ಚೀಟಿಗಳು

ನಮ್ಮ ವಿಭಾಗದ ದೊಡ್ಡ ಪ್ರೊಫೆಸರರ ಅಕ್ಷರ ಓದಲು ಬರುತ್ತಿದ್ದುದು ಇಡೀ ವಿಶ್ವವಿದ್ಯಾಲಯದಲ್ಲಿ ಒಬ್ಬಳಿಗೆ ಮಾತ್ರ. ಅವಳು ವಿಭಾಗದ ಟೈಪಿಸ್ಟ್. ಯಾರ ಪ್ರಬಂಧದ ಕರಡಾದರೂ ಅವಳ ಮೇಜು ದಾಟದೆ ಮುಂದೆ ಹೋಗುತ್ತಿರಲಿಲ್ಲವಾದ್ದರಿಂದ ವಿದ್ಯಾರ್ಥಿಗಳು ಅವಳನ್ನು ಕರಡಕ್ಕ ಎಂದು ಕರೆಯುತ್ತಿದ್ದರು. ಆ ಹೆಸರು ಮೊದಲ ಸಲ ಕಿವಿಗೆ ಬಿದ್ದಾಗ ಅವಳು ಕೋಪಿಸಿಕೊಳ್ಳಲಿಲ್ಲ. "ಕರಡಿ ಅಂತ ಕರೀದೆ ಬಿಟ್ರಲ್ಲ, ಅಷ್ಟೇ ಪುಣ್ಯ" ಎಂದಳು.

ಅವಳ ಜಾಗ ಮೊದಲ ಮಹಡಿಯಲ್ಲಿ, ನನ್ನ ಕೋಣೆಗೂ ದೊಡ್ಡ ಪ್ರೊಫೆಸರರ ಕೋಣೆಗೂ ನಡುವೆ ಇದ್ದ ಕಿರುಕೋಣೆ. ಹಿಂದೆ ಅಲ್ಲಿ ಹಳೆಯ ಭೂಪಟಗಳನ್ನು ಸುತ್ತಿ ನಿಲ್ಲಿಸುತ್ತಿದ್ದರು. ಕಿಟಕಿ ಇತ್ತು, ತೆರೆಯುತ್ತಿರಲಿಲ್ಲ. ಮೇಜಿನ ಮೇಲೆ ಎರಡು ತಟ್ಟೆಗಳು, ಒಂದು ಬರುವ ಕರಡಿಗೆ, ಇನ್ನೊಂದು ಹೋಗುವ ಕರಡಿಗೆ. ಪುಟ ತಿರುಗಿಸಲು ಬಲಗೈ ತೋರುಬೆರಳಿಗೆ ಒಂದು ರಬ್ಬರ್ ಟೋಪಿ. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದ ಮೇಲೂ ಅವಳು ಕೀಲಿಗಳನ್ನು ಹಳೆಯ ಬಲದಲ್ಲೇ ಕುಟ್ಟುತ್ತಿದ್ದಳು. ಆರು ತಿಂಗಳಲ್ಲಿ ಅಕ್ಷರಗಳೆಲ್ಲ ಅಳಿಸಿಹೋಗಿ ಕೀಲಿಮಣೆ ಬೋಳಾಯಿತು. ಅದರ ಮೇಲೆ ಬೇರೆ ಯಾರೂ ಕೆಲಸ ಮಾಡಲಾರರು ಎಂಬುದು ಅವಳಿಗೆ ಬೇಸರದ ಸಂಗತಿಯಾಗಿರಲಿಲ್ಲ.

ಚೀಟಿಯ ಪದ್ಧತಿ ಶುರುವಾದದ್ದು ಅವಳು ಕೆಲಸಕ್ಕೆ ಸೇರಿದ ಮೂರನೆಯ ವರ್ಷ. ದೊಡ್ಡ ಪ್ರೊಫೆಸರರ ವಿದ್ಯಾರ್ಥಿನಿಯೊಬ್ಬಳು ಅವರು ತಿದ್ದಿ ಕೊಟ್ಟ ಕರಡು ಹಿಡಿದುಕೊಂಡು ಬಂದು ಅಳತೊಡಗಿದಳು.

"ಅಕ್ಕಾ, ಸರ್ ಏನ್ ಬರ್ದಿದಾರೆ ಒಂಚೂರು ನೋಡಿ. ನಮ್ಮಪ್ಪಂಗೆ ತೋರಿಸ್ದೆ, ಗೊತ್ತಾಗ್ಲಿಲ್ಲ. ಔಷಧಿ ಅಂಗಡಿಯವರಿಗೂ ತೋರಿಸ್ದೆ."

"ಅಂಗಡಿಯವರು ಏನಂದ್ರು?"

"ದಿನಕ್ಕೆ ಎರಡು ಸಲ, ಊಟ ಆದ್ಮೇಲೆ ಅಂದ್ರು."

ಕರಡಕ್ಕ ಕನ್ನಡಕ ಏರಿಸಿ ನೋಡಿದಳು. ಕಾಗೆ ಕಾಲು ಗುಬ್ಬಿ ಕಾಲು. ಆದರೆ ಮೂರು ವರ್ಷ ಅವರ ಪತ್ರಗಳನ್ನು ಟೈಪ್ ಮಾಡಿದ್ದವಳಿಗೆ ಅದು ಕಷ್ಟವಾಗಲಿಲ್ಲ. ಹನ್ನೆರಡನೆಯ ಪುಟದ ಅಂಚಿನಲ್ಲಿ 'ನೋಡಿ' ಎಂದಿತ್ತು. ಮೂವತ್ತನೆಯ ಪುಟದಲ್ಲಿ 'ಹೌದೆ?' ಎಂದಿತ್ತು. ನಲವತ್ತೈದರಲ್ಲಿ 'ಇನ್ನೂ ಸ್ವಲ್ಪ'. ಉಳಿದ ಕಡೆ ಅಲೆಯಂಥ ಗೆರೆಗಳು. ಅಷ್ಟೇ.

ಇದನ್ನು ಇದ್ದ ಹಾಗೆ ಹೇಳಿದ್ದರೆ ಹುಡುಗಿ ಇನ್ನೂ ಜೋರಾಗಿ ಅಳುತ್ತಿದ್ದಳು. ಕರಡನ್ನು ಟೈಪ್ ಮಾಡಿದವಳು ತಾನೇ ಆದ್ದರಿಂದ ಎಲ್ಲೆಲ್ಲಿ ಏನು ಕೆಟ್ಟಿದೆ ಎಂಬುದು ಕರಡಕ್ಕನಿಗೆ ಗೊತ್ತಿತ್ತು. ಅರ್ಧ ಹಾಳೆ ತೆಗೆದು ಕುಟ್ಟಿದಳು:

'ಪುಟ ೧೨: ಇಬ್ಬರನ್ನು ಕೇಳಿ ಊರೆಲ್ಲ ಹೀಗೇ ಎಂದು ಬರೆದಿದ್ದೀರಿ. ಆ ಇಬ್ಬರೂ ನಿಮ್ಮ ಚಿಕ್ಕಮ್ಮಂದಿರೆ? ಪುಟ ೩೦: ಇಲ್ಲಿ ಹೇಳಿದ್ದನ್ನು ಹಿಂದಿನ ಪುಟ ಅಲ್ಲಗಳೆಯುತ್ತದೆ. ನಾನು ಯಾವ ಪುಟವನ್ನು ನಂಬಲಿ? ಪುಟ ೪೫: ಇಲ್ಲಿಗೆ ಬರುವಷ್ಟರಲ್ಲಿ ನಿಮಗೆ ದಣಿವಾಗಿತ್ತು. ಓದುವವರಿಗೂ ಆಯಿತು. ಮತ್ತೆ ಬರೆಯಿರಿ.'

ಹುಡುಗಿ ಚೀಟಿ ಓದಿದಳು, ಅಂಚಿನ ಬರಹ ನೋಡಿದಳು, ಮತ್ತೆ ಚೀಟಿ ನೋಡಿದಳು.

"ಇಷ್ಟೆಲ್ಲಾ ಬರ್ದಿದಾರಾ ಅಕ್ಕಾ, ಇಷ್ಟೇ ಇಷ್ಟು ಜಾಗದಲ್ಲಿ?"

"ದೊಡ್ಡವರ ಅಕ್ಷರ ಕಣೇ. ಮಡಚಿ ಮಡಚಿ ಬರೀತಾರೆ."

ತಿಂಗಳ ನಂತರ ಆ ಕರಡು ಸುಧಾರಿಸಿ ಬಂದಾಗ ದೊಡ್ಡ ಪ್ರೊಫೆಸರರು ಕುರ್ಚಿಯಿಂದ ಎದ್ದು ನಿಂತು, "ಭೇಷ್, ನಾನು ಹೇಳಿದ್ದು ನಾಟಿದೆ ನಿನಗೆ" ಎಂದರಂತೆ. ಅವರು ಮೋಸಗಾರರಲ್ಲ. ತರಗತಿಯಲ್ಲಿ ಸೊಗಸಾಗಿ ಪಾಠ ಮಾಡುತ್ತಿದ್ದರು, ವಿದ್ಯಾರ್ಥಿಗಳಿಗೆ ಜ್ವರ ಬಂದರೆ ವಿಚಾರಿಸುತ್ತಿದ್ದರು. ಕರಡು ಕೈಗೆ ಬಂದರೆ ಮಾತ್ರ ಮೂರನೆಯ ಪುಟಕ್ಕೆ ಅವರ ಕಣ್ಣು ಮುಚ್ಚುತ್ತಿತ್ತು. ಎಚ್ಚರವಾದಾಗ ಸಿಕ್ಕ ಪುಟದಲ್ಲಿ ಏನೋ ಒಂದು ಬರೆಯುತ್ತಿದ್ದರು.

ಅಲ್ಲಿಂದ ಅದು ಪದ್ಧತಿಯಾಯಿತು. ಕರಡು ಪ್ರೊಫೆಸರರಿಂದ ಕರಡಕ್ಕನಿಗೆ, ಕರಡಕ್ಕನಿಂದ ಚೀಟಿಯೊಡನೆ ವಿದ್ಯಾರ್ಥಿಗೆ. ದೊಡ್ಡ ಪ್ರೊಫೆಸರರ ಮಾರ್ಗದರ್ಶನಕ್ಕೆ ಸಾಲು ನಿಂತಿತು. ಬೇರೆ ಊರಿನ ವಿಶ್ವವಿದ್ಯಾಲಯಗಳು ಅವರನ್ನು ಭಾಷಣಕ್ಕೆ ಕರೆದವು. 'ಮಾರ್ಗದರ್ಶಕನಿಗೆ ಮಿತಮಾತಿನ ಅಗತ್ಯ' ಎಂಬ ಅವರ ಭಾಷಣವನ್ನೂ ಕರಡಕ್ಕನೇ ಟೈಪ್ ಮಾಡಿದಳು. ನಾನಾದರೋ ಒಂದೊಂದು ಕರಡಿಗೆ ಮೂರು ಪುಟ ಟಿಪ್ಪಣಿಯನ್ನು ಬಿಡಿಬಿಡಿ ಅಕ್ಷರದಲ್ಲಿ ಬರೆಯುತ್ತಿದ್ದೆ. ನನ್ನ ಬಾಗಿಲ ಮುಂದೆ ವಿದ್ಯಾರ್ಥಿಗಳು ಚಪ್ಪಲಿ ಸದ್ದಾಗದಂತೆ ನಡೆಯುತ್ತಿದ್ದರು.

ಚೀಟಿಯ ಗುಟ್ಟು ನನಗೆ ತಿಳಿದದ್ದು ಹತ್ತು ವರ್ಷ ಕಳೆದ ಮೇಲೆ, ಒಂದು ಕರಡು ತಪ್ಪಿ ನನ್ನ ಕೋಣೆಗೆ ಬಂದಾಗ. ಅಂಚಿನಲ್ಲಿ ಏನೂ ಬರೆದಿರದ ಪುಟಕ್ಕೂ ಚೀಟಿಯಲ್ಲಿ ನಾಲ್ಕು ಸಾಲಿತ್ತು. ಯಾರಿಗೂ ಹೇಳಲಿಲ್ಲ. ಇದರಲ್ಲಿ ಔದಾರ್ಯವೇನೂ ಇರಲಿಲ್ಲ. ಹೇಳಿದ್ದರೆ ಅವರ ವಿದ್ಯಾರ್ಥಿಗಳಲ್ಲಿ ಅರ್ಧ ಮಂದಿ ನನ್ನ ಪಾಲಿಗೆ ಬೀಳುತ್ತಿದ್ದರು.

ಕರಡಕ್ಕ ತಾನೂ ವಿದ್ಯಾರ್ಥಿನಿಯಾಗಬೇಕೆಂದು ಹೊರಟದ್ದು ಒಂದು ಫಾರಂ ದೆಸೆಯಿಂದ. ಸಿಬ್ಬಂದಿಯೆಲ್ಲ ತಮ್ಮ ವಿದ್ಯಾರ್ಹತೆ ತುಂಬಿ ಕೊಡಬೇಕೆಂದು ಆಡಳಿತ ಕಚೇರಿಯಿಂದ ಸುತ್ತೋಲೆ ಬಂತು. ಇವಳು ಆ ಜಾಗದಲ್ಲಿ ತನ್ನ ಹಳೆಯ ಬಿ.ಎ.ಯ ಪಕ್ಕ 'ಇನ್ನೂರ ಎಂಬತ್ತು ಪ್ರಬಂಧಗಳು' ಎಂದೂ ಬರೆದು ಕಳಿಸಿದಳು. ಫಾರಂ ಕೆಂಪು ಸುತ್ತು ಹಾಕಿಸಿಕೊಂಡು ವಾಪಸಾಯಿತು. ಅವಳು ಅದನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಮರುವಾರ ನಮ್ಮದೇ ವಿಭಾಗದಲ್ಲಿ ಸಮಾಜಶಾಸ್ತ್ರದ ಎಂ.ಎ.ಗೆ ಹೆಸರು ನೋಂದಾಯಿಸಿದಳು. ಆಗ ಅವಳಿಗೆ ನಲವತ್ತೇಳು ವರ್ಷ.

ಕೆಲಸದಲ್ಲಿದ್ದು ಓದುವವರಿಗೆ ಐದು ವರ್ಷ ಕಾಲಾವಕಾಶ. ಎಂಟು ಪತ್ರಿಕೆ, ಕೊನೆಗೊಂದು ಪ್ರಬಂಧ. ಐದು ವರ್ಷ ಮುಗಿಯುವ ದಿನದೊಳಗೆ ವೈವಾ ಕೂಡ ಮುಗಿದಿರಬೇಕು. ಇಲ್ಲದಿದ್ದರೆ ಪಾಸಾದ ಪತ್ರಿಕೆಗಳೂ ಲೆಕ್ಕಕ್ಕಿಲ್ಲ, ಮೊದಲಿಂದ ಶುರುಮಾಡಬೇಕು. ನಾಲ್ಕು ವರ್ಷಗಳಲ್ಲಿ ಅವಳು ಎಂಟೂ ಪತ್ರಿಕೆ ಮುಗಿಸಿದಳು. ಉಳಿದದ್ದು ಪ್ರಬಂಧ. ದೊಡ್ಡ ಪ್ರೊಫೆಸರರ ಮುಂದಿನ ಸಾಲು ಉದ್ದವಾದ ಮೇಲೆ ನಮ್ಮಲ್ಲಿ ಮಾರ್ಗದರ್ಶಕರನ್ನು ಚೀಟಿ ಎತ್ತಿ ಹಂಚುತ್ತಿದ್ದರು. ಅವಳಿಗೆ ದೊಡ್ಡ ಪ್ರೊಫೆಸರರು ಬಂದರು.

"ಅಕ್ಕಾ, ಲಾಟರಿ ಹೊಡೀತು ನಿಮಗೆ!" ಎಂದು ವಿದ್ಯಾರ್ಥಿಗಳು ಕೈ ಕುಲುಕಿದರು. ದೊಡ್ಡ ಪ್ರೊಫೆಸರರಿಗೂ ಖುಷಿ. "ನನ್ನ ಅಕ್ಷರ ಓದಕ್ಕೆ ಬರೋ ಒಬ್ಬಳು ವಿದ್ಯಾರ್ಥಿನಿ ಕೊನೆಗೂ ಸಿಕ್ಕಳು" ಎಂದರು. ಕರಡಕ್ಕ ಮಾತ್ರ ಹುಳಿ ತಿಂದವಳಂತೆ ಕೂತಿದ್ದಳು. ಆ ಅಕ್ಷರದ ಕೆಳಗೆ ಏನೂ ಇಲ್ಲ ಎಂಬುದು ನನ್ನನ್ನು ಬಿಟ್ಟರೆ ಗೊತ್ತಿದ್ದವಳು ಅವಳೊಬ್ಬಳೇ ತಾನೆ.

ಅವಳು ಆರಿಸಿಕೊಂಡ ವಿಷಯ ಚೆನ್ನಾಗಿತ್ತು. ಅವಳ ಸಂಸಾರ ಇದ್ದದ್ದು ಒಂದೇ ಅಂಗಳದ ಸುತ್ತ ನಿಂತ ಮೂರು ಕಟ್ಟಡಗಳಲ್ಲಿ ಒಂದರಲ್ಲಿ, ಮೂರನೆಯ ಮಹಡಿಯಲ್ಲಿ. ಗಂಡ ಲಿಫ್ಟ್ ರಿಪೇರಿಯವನು. ಊರಿನ ಲಿಫ್ಟ್‌ಗಳನ್ನೆಲ್ಲ ಸರಿಮಾಡುವವನ ಮನೆಗೆ ಲಿಫ್ಟ್ ಇರಲಿಲ್ಲ. ಜೊತೆಗೆ ಎಪ್ಪತ್ತಾರು ವರ್ಷದ ಅತ್ತೆ. ಎಲ್ಲರೂ ಹತ್ತಿ ಇಳಿಯುವ, ಯಾರದೂ ಅಲ್ಲದ ಆ ಮೆಟ್ಟಿಲುಗಳನ್ನು ಗುಡಿಸುವವರು ಯಾರು? ಇದು ಅವಳ ಪ್ರಶ್ನೆ. ಮೂರು ಕಟ್ಟಡಗಳ ನಲವತ್ತೊಂದು ಮನೆಗಳಿಗೂ ಹೋಗಿ ಕೇಳಿದಳಂತೆ. ಎಲ್ಲರೂ "ನಾವೇ" ಎಂದರು. ಉತ್ತರಗಳನ್ನು ಕೂಡಿಸಿದರೆ ಪ್ರತಿ ಮೆಟ್ಟಿಲೂ ದಿನಕ್ಕೆ ಹನ್ನೊಂದು ಸಲ ಕಸಬರಿಗೆ ಕಾಣಬೇಕಿತ್ತು. ಅವಳು ಸುಮ್ಮನೆ ಬಿಡುವವಳಲ್ಲ. ಹಳೆಯ ಅಂಗಿಗಳ ಗುಂಡಿ ಕಿತ್ತು, ಮೆಟ್ಟಿಲಿನ ಪ್ರತಿ ತಿರುವಿನ ಮೂಲೆಯಲ್ಲೂ ಒಂದೊಂದು ಗುಂಡಿ ಹಾಕಿ ಬಂದಳು. ಒಂಬತ್ತು ದಿನ ಒಂದು ಗುಂಡಿಯೂ ಕದಲಲಿಲ್ಲ.

ಅಲ್ಲಿಗೆ ಅವಳ ಬಂಡಿ ನಿಂತಿತು. ಜನ ಸುಳ್ಳು ಹೇಳಿದ್ದಾರೆ, ಹಾಗಾದರೆ ಕೂಡಿಹಾಕಿದ ಉತ್ತರಗಳಿಗೆ ಬೆಲೆ ಏನು? ಮೂರನೆಯ ಅಧ್ಯಾಯವನ್ನು ಹೇಗೋ ಬರೆದು ದೊಡ್ಡ ಪ್ರೊಫೆಸರರಿಗೆ ಕೊಟ್ಟಳು. ವಾರದ ನಂತರ ಕರಡು ವಾಪಸ್ ಬಂತು. ಮೊದಲ ಪುಟದ ಅಂಚಿನಲ್ಲಿ 'ಇನ್ನೂ ಸ್ವಲ್ಪ'. ಅದರಾಚೆ ಒಂದು ಅಲೆ ಗೆರೆ.

ಬೇರೆಯವರಿಗೆ ಮಾಡಿದ್ದನ್ನೇ ತನಗೂ ಮಾಡಿಕೊಳ್ಳಲು ನೋಡಿದಳು. ಅರ್ಧ ಹಾಳೆ ಹಾಕಿ, ಇದು ಯಾರೋ ಹುಡುಗಿಯ ಕರಡು ಎಂದು ಭಾವಿಸಿ, ಬೆರಳಿಗೆ ರಬ್ಬರ್ ಟೋಪಿ ಏರಿಸಿ ಓದಿದಳು. ಮಧ್ಯಾಹ್ನದ ಹೊತ್ತಿಗೆ ಚೀಟಿಯಲ್ಲಿ 'ಚೆನ್ನಾಗಿದೆ' ಎಂಬ ಒಂದೇ ಪದವಿತ್ತು. ಅದನ್ನು ಹರಿದು ಬುಟ್ಟಿಗೆ ಎಸೆದಳು. ವೈವಾಗೆ ಉಳಿದಿದ್ದುದು ಹತ್ತು ವಾರ.

ನನ್ನ ಹತ್ತಿರ ನೇರವಾಗಿ ಬರುವಂತಿರಲಿಲ್ಲ. ಒಬ್ಬರ ವಿದ್ಯಾರ್ಥಿಯ ಕರಡಿನ ಮೇಲೆ ಇನ್ನೊಬ್ಬ ಮಾರ್ಗದರ್ಶಕರು ಪೆನ್ನು ಆಡಿಸಿದರೆ ಪ್ರಬಂಧ ತಿರಸ್ಕೃತ ಎಂಬ ನಿಯಮವಿತ್ತು. ವಿಭಾಗದಲ್ಲಿ ಹಿಂದೆ ನಡೆದ ಜಗಳವೊಂದರ ನಂತರ ಆ ನಿಯಮಾವಳಿಯನ್ನು ಬರೆದವಳು ನಾನೇ. ಟೈಪ್ ಮಾಡಿದವಳು ಅವಳು.

ಆ ಕಾಲದಲ್ಲಿ ನನಗೊಬ್ಬ ವಿದ್ಯಾರ್ಥಿಯಿದ್ದ. ಯಾವಾಗ ಕೇಳಿದರೂ "ನಾಳೆ ತರ್ತೀನಿ ಮೇಡಂ" ಎನ್ನುತ್ತಿದ್ದುದರಿಂದ ಅವನಿಗೆ 'ನಾಳೆ' ಎಂದೇ ಹೆಸರಾಗಿತ್ತು. ಒಂದು ಸೋಮವಾರ ನನ್ನ ಮೇಜಿನ ಮೇಲೆ ನಾಳೆಯ ನೋಂದಣಿ ಸಂಖ್ಯೆ ಹೊತ್ತ ಒಂದು ಅಧ್ಯಾಯ ಬಂದು ಕೂತಿತ್ತು. ಎರಡು ಪುಟ ಓದುವುದರೊಳಗೆ ಅನುಮಾನ ಬಂತು. ನಾಳೆಯ ವಾಕ್ಯಗಳು ಎಂದೂ ಮುಗಿಯುತ್ತಿರಲಿಲ್ಲ. ಇಲ್ಲಿ ಎಲ್ಲವೂ ಮುಗಿದಿದ್ದವು. ಐದನೆಯ ಪುಟಕ್ಕೆ ಬರುವಾಗ ಇದು ಯಾರದೆಂದು ತಿಳಿದುಹೋಯಿತು. ತಿಳಿದ ಕೂಡಲೇ ಪೆನ್ನು ಕೆಳಗಿಡಬೇಕಿತ್ತು. ಇಡಲಿಲ್ಲ. ಅಧ್ಯಾಯದಲ್ಲಿದ್ದ ತಪ್ಪು ಕಣ್ಣಿಗೆ ಚುಚ್ಚುವಂತಿತ್ತು, ಮತ್ತು ತಪ್ಪು ಕಂಡರೆ ಸುಮ್ಮನಿರುವ ಅಭ್ಯಾಸ ನನಗಿಲ್ಲ. ಬೇರೆ ಹಾಳೆಯಲ್ಲಿ ಬರೆದೆ:

'ನಲವತ್ತೊಂದು ಮನೆ ಎನ್ನುತ್ತೀರಿ, ಕೋಷ್ಟಕದಲ್ಲಿರುವುದು ನಲವತ್ತು. ತಪ್ಪಿಹೋದ ಮನೆ ಯಾರದು? ನಿಮ್ಮದೇ ಎಂದು ನನ್ನ ಅನುಮಾನ. ಜನ ಸುಳ್ಳು ಹೇಳಿದರೆಂದು ಗೋಳಾಡಿ ಉತ್ತರಗಳನ್ನು ಎಸೆಯಲು ಹೊರಟಿದ್ದೀರಿ. ಮೆಟ್ಟಿಲು ಗುಡಿಸುವವರು ಯಾರೂ ಇಲ್ಲ ಎಂಬುದು ನಿಮ್ಮ ಗುಂಡಿಗಳಿಂದ ತಿಳಿಯಿತು. ಗುಡಿಸದವರೆಲ್ಲ ಗುಡಿಸುತ್ತೇವೆ ಎಂದು ಹೇಳಬೇಕಾಗಿ ಬರುವುದು ಏಕೆ? ನಿಮ್ಮ ಪ್ರಶ್ನೆ ಅದು. ಮೊದಲು ನಿಮ್ಮ ಮನೆಯನ್ನು ಕೋಷ್ಟಕಕ್ಕೆ ಸೇರಿಸಿ. ಆಮೇಲೆ ಮಾತಾಡಿ.'

ಅದನ್ನು ಅಧ್ಯಾಯಕ್ಕೆ ಸಿಕ್ಕಿಸಿ ನಾನೇ ತೆಗೆದುಕೊಂಡು ಹೋಗಿ ಅವಳ ತಟ್ಟೆಯಲ್ಲಿಟ್ಟೆ.

"ಇದು ನಾಳೆಯ ಕರಡಂತೆ."

"ಹೌದು ಮೇಡಂ."

"ಅವನಿಗೆ ಅತ್ತೆ ಇದಾರಾ?"

"ಅವನಿಗೆ ಮದುವೇನೇ ಆಗಿಲ್ಲ ಮೇಡಂ."

"ಹಾಗಾದ್ರೆ ಆ ಒಂದು ಮನೆ ಯಾಕೆ ಬಿಟ್ಟ ಅಂತ ಕೇಳು."

"ಕೇಳ್ತೀನಿ ಮೇಡಂ" ಎಂದಳು, ಬೋಳು ಕೀಲಿಮಣೆಯಿಂದ ಕಣ್ಣೆತ್ತದೆ.

ಅಂದು ಸಂಜೆ ಅವಳು ಮನೆಗೆ ಹೋಗಿ, ಚಪ್ಪಲಿ ಬಿಟ್ಟವಳೇ ಪ್ರಶ್ನಾವಳಿ ಹಿಡಿದು ಅತ್ತೆಯ ಮುಂದೆ ಕೂತಳು. ಮುಂದಿನ ಮಾತುಕತೆ ಅವಳ ಪ್ರಬಂಧದ ಅನುಬಂಧದಲ್ಲಿ ಇದ್ದದ್ದು ಇದ್ದ ಹಾಗೆ ಅಚ್ಚಾಗಿದೆ.

"ಅತ್ತೆ, ನೀವು ಮೆಟ್ಟಿಲು ಗುಡಿಸ್ತೀರಾ?"

"ಗುಡಿಸ್ದೆ ಇನ್ನೇನು? ದಿನಾ ಗುಡಿಸ್ತೀನಿ."

"ಇವತ್ತು ಗುಡಿಸಿದ್ರಾ?"

"ಇವತ್ತು ಮೊಣಕಾಲು ನೋವು."

"ನಿನ್ನೆ?"

"ನಿನ್ನೆ ಎದುರು ಮನೆಯವಳ ಸರದಿ."

"ಸರದಿ ಅಂತ ಒಂದಿದ್ಯಾ? ಅವರಿಗೆ ಗೊತ್ತಾ?"

"ನನ್ನ ಮನಸ್ಸಲ್ಲಿದೆ. ಅವಳಿಗೆ ಗೊತ್ತಾಗ್ಬೇಕು ಅಂತ ಎಲ್ಲಿದೆ? ಏನೇ ಇದು, ಮನೆಯವರನ್ನೇ ಕಟಕಟೆಗೆ ನಿಲ್ಲಿಸ್ತೀಯಾ?"

ಲಿಫ್ಟ್ ರಿಪೇರಿಯವನು ಒಳಗಿಂದ ಇಣುಕಿದ. "ಅಮ್ಮನ್ನ ಯಾಕೆ ಹಿಡ್ಕೊಂಡಿದೀಯ? ಹೋದ್ ವಾರ ಕೆಳಗಡೆ ಮನೆಯವರು ಕೇಳ್ದಾಗ ನೀನೇನಂದೆ?"

"ಏನಂದೆ?"

"'ನಮ್ಮ ಕಡೆ ಮೆಟ್ಟಿಲು ನಾವೇ ನೋಡ್ಕೋತೀವಿ' ಅಂದೆ. ನಾನು ಕಿವಿಯಾರೆ ಕೇಳ್ದೆ. ನೀನು ಕಸಬರಿಗೆ ಹಿಡ್ದು ಹೊಸಿಲು ದಾಟಿದ್ದು ನಾನಂತೂ ನೋಡಿಲ್ಲ ಕಣೇ."

"ನೀವು?"

"ನಾನು ಲಿಫ್ಟ್‌ನವನು. ಮೆಟ್ಟಿಲು ನನ್ನ ಕಡು ವೈರಿ."

ಉತ್ತರ ಬರೆದುಕೊಳ್ಳುತ್ತಿದ್ದ ಅವಳ ಪೆನ್ನು ನಿಂತಿತು. ಆಮೇಲೆ ಅದನ್ನೂ ಬರೆದುಕೊಂಡಳು. ಮೂರನೆಯ ಅಧ್ಯಾಯವನ್ನು ಅಡಿಯಿಂದ ಮುಡಿಯವರೆಗೆ ಮತ್ತೆ ಬರೆದಳು, ಈ ಸಲ ತನ್ನ ಮನೆಯಿಂದ ಆರಂಭಿಸಿ. ಅತ್ತೆ ಹಾಗೇಕೆ ಹೇಳಿದರು, ತಾನು ಹಾಗೇಕೆ ಹೇಳಿದೆ, ಹಾಗೆ ಹೇಳದಿದ್ದರೆ ಎದುರು ಮನೆಯವಳ ಮುಖ ನೋಡುವುದು ಹೇಗೆ ಕಷ್ಟವಾಗುತ್ತಿತ್ತು ಎಂಬುದನ್ನು ಬರೆದಳು. ಅಲ್ಲಿಂದ ಉಳಿದ ನಲವತ್ತು ಮನೆಗಳೂ ಬಾಗಿಲು ತೆರೆದುಕೊಂಡವು. ದೊಡ್ಡ ಪ್ರೊಫೆಸರರು ಮೊದಲ ಮೂರು ಪುಟ ಓದಿ, "ನಾನು ಹೇಳಿದ್ದು ನಾಟಿದೆ" ಎಂದು ರುಜು ಹಾಕಿದರು.

ವೈವಾಗೆ ಮೂವರು ಕೂರಬೇಕು: ಅಧ್ಯಕ್ಷೆಯಾಗಿ ನಾನು, ಮಾರ್ಗದರ್ಶಕರು, ಮತ್ತು ಬೇರೆ ವಿಶ್ವವಿದ್ಯಾಲಯದಿಂದ ಬರುವ ಪರೀಕ್ಷಕರು. ಬರಬೇಕಾದ ಪರೀಕ್ಷಕರು ಎರಡು ಸಲ ದಿನ ಮುಂದೂಡಿದರು. ಕೊನೆಗೆ ಅವರು ಬಂದದ್ದು ಅವಳ ಐದು ವರ್ಷ ಮುಗಿಯುವ ದಿನ, ಮಧ್ಯಾಹ್ನ ಎರಡು ಗಂಟೆಗೆ. ಬೆಳ್ಳಗೆ ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ನಮ್ಮ ನಿಯಮಾವಳಿಯ ಪ್ರತಿ. ಇಪ್ಪತ್ತು ವರ್ಷಗಳ ಹಿಂದೆ ದೊಡ್ಡ ಪ್ರೊಫೆಸರರ ವಿದ್ಯಾರ್ಥಿಯಾಗಿದ್ದವರು. ಗುರುವಿನ ಕಾಲಿಗೆ ಬಗ್ಗಿದರು, ನನಗೆ ದೂರದಿಂದ ಕೈಮುಗಿದರು, ಕರಡಕ್ಕನಿಗೆ "ಏನಕ್ಕಾ, ಈ ಕಡೆ ಕುರ್ಚೀಲಿ?" ಎಂದರು.

ನಮ್ಮ ನಿಯಮದಂತೆ ಮಾರ್ಗದರ್ಶಕರ ಟಿಪ್ಪಣಿಗಳಿರುವ ಕರಡುಗಳೆಲ್ಲ ಕಡತವಾಗಿ ಮೇಜಿನ ಮೇಲಿರಬೇಕು. ಮಾರ್ಗದರ್ಶನ ನಿಜವಾಗಿ ನಡೆದಿದೆ ಎಂಬುದಕ್ಕೆ ಅದೇ ಸಾಕ್ಷಿ. ಪರೀಕ್ಷಕರು ಕಡತ ತೆರೆದರು. ಚೀಟಿ ಕಂಡು ಅವರ ಮುಖ ಅರಳಿತು.

"ಸರ್, ಇನ್ನೂ ಚೀಟಿ ಪದ್ಧತಿ ಇದೆ! ನಂದು ಹನ್ನೊಂದು ಚೀಟಿ ಇಟ್ಕೊಂಡಿದೀನಿ. ಒಂದಕ್ಕೆ ಕಟ್ಟು ಹಾಕ್ಸಿ ಗೋಡೆಗೆ ಹಾಕಿದೀನಿ."

"ಯಾವುದು?" ಎಂದರು ದೊಡ್ಡ ಪ್ರೊಫೆಸರರು, ಸಂಕೋಚದಿಂದ.

"'ಮತ್ತೆ ಬರೆಯಿರಿ. ಈ ಸಲ ಎಚ್ಚರವಾಗಿದ್ದು ಬರೆಯಿರಿ.'"

ದೊಡ್ಡ ಪ್ರೊಫೆಸರರು ತಲೆದೂಗಿದರು. ಪರೀಕ್ಷಕರು ಮೂರನೆಯ ಅಧ್ಯಾಯದ ಚೀಟಿಯನ್ನು ಗಟ್ಟಿಯಾಗಿ ಓದತೊಡಗಿದರು. 'ನಲವತ್ತೊಂದು ಮನೆ ಎನ್ನುತ್ತೀರಿ, ಕೋಷ್ಟಕದಲ್ಲಿರುವುದು ನಲವತ್ತು...' ನನ್ನ ಮಾತುಗಳು. ಒಂದಕ್ಷರ ಬಿಡದೆ ಒಂಬತ್ತು ಸಾಲಿನಲ್ಲಿ ಟೈಪಾಗಿ ದೊಡ್ಡ ಪ್ರೊಫೆಸರರ ಹೆಸರಿನಲ್ಲಿ ಕೂತಿದ್ದವು. ನಾನು ಕರಡಕ್ಕನನ್ನು ನೋಡಿದೆ. ಅವಳು ಫ್ಯಾನನ್ನು ನೋಡುತ್ತಿದ್ದಳು.

"ಇದು ಸ್ವಲ್ಪ ಬೇರೆ ಥರ ಇದೆ ಸರ್," ಎಂದರು ಪರೀಕ್ಷಕರು. "ನಮ್ಮ ಕಾಲದ ಚೀಟೀಲಿ ತಮಾಷೆ ಇರ್ತಿತ್ತು. ಇದರಲ್ಲಿ ಬರೀ ಪೆಟ್ಟು."

"ವಯಸ್ಸಾಯ್ತಲ್ಲಪ್ಪ" ಎಂದರು ದೊಡ್ಡ ಪ್ರೊಫೆಸರರು.

ನಾನು ನೀರು ಕುಡಿದೆ.

ಪರೀಕ್ಷಕರು ಶಿಸ್ತಿನ ಮನುಷ್ಯ. ಚೀಟಿಯನ್ನು ಮೂಲದೊಡನೆ ಹೋಲಿಸಲು ಕರಡನ್ನು ಬೆಳಕಿಗೆ ಹಿಡಿದರು. ಚೀಟಿಯಲ್ಲಿ ಒಂಬತ್ತು ಸಾಲು, ಅಂಚಿನಲ್ಲಿ ಒಂದು ಹೆಬ್ಬೆರಳಿನಷ್ಟು ಬರಹ. ತಿರುಗಿಸಿದರು, ಓರೆ ಮಾಡಿದರು.

"ಸರ್, ಇಲ್ಲಿ ಏನು ಬರ್ದಿದೀರಿ?"

ದೊಡ್ಡ ಪ್ರೊಫೆಸರರು ಕನ್ನಡಕ ಬದಲಿಸಿದರು. ಹಾಳೆಯನ್ನು ಹತ್ತಿರ ತಂದರು, ದೂರ ಹಿಡಿದರು. ಕೊನೆಗೆ ಅಭ್ಯಾಸಬಲದಿಂದ ಮೇಜಿನ ಆಚೆಗೆ ಚಾಚಿದರು.

"ಏನಮ್ಮಾ ಇದು? ಏನ್ ಬರ್ದಿದೀನಿ ನಾನು?"

ಸುಳ್ಳು ಹೇಳಬಹುದಿತ್ತು. ಅಷ್ಟು ವರ್ಷ ಹೇಳಿದ್ದವಳಿಗೆ ಇನ್ನೊಂದು ಭಾರವಾಗುತ್ತಿರಲಿಲ್ಲ. ಆದರೆ ಎದುರಿಗೆ ತನ್ನ ಹೆಸರಿನ ಪ್ರಬಂಧವಿತ್ತು, ಅದರಲ್ಲಿ ಅತ್ತೆಯ ಸುಳ್ಳನ್ನೂ ತನ್ನ ಸುಳ್ಳನ್ನೂ ಅಚ್ಚು ಹಾಕಿಸಿ ತಂದಿದ್ದಳು. ಅವಳು ಎದ್ದು ನಿಂತಳು.

"'ಇನ್ನೂ ಸ್ವಲ್ಪ' ಅಂತ ಬರ್ದಿದೀರಿ ಸರ್."

"ಆಮೇಲೆ?"

"ಆಮೇಲೆ ಏನೂ ಇಲ್ಲ ಸರ್. ಅದು ಪೆನ್ನು ಜಾರಿದ್ದು."

ಪರೀಕ್ಷಕರ ಕೈಯಲ್ಲಿದ್ದ ಚೀಟಿ ಮೇಜಿಗೆ ಇಳಿಯಿತು. "ಹಾಗಾದ್ರೆ... ನನ್ನ ಹನ್ನೊಂದು ಚೀಟಿ?"

"ನಿಮ್ಮದು ಹದಿನಾಲ್ಕು ಸರ್. ಮೂರು ಕಳ್ಕೊಂಡಿರ್ಬೇಕು ನೀವು."

"ಎಲ್ಲಾ ನೀವೇ?"

"ಟೈಪ್ ಮಾಡಿದ್ದು ನಾನೇ ಸರ್" ಎಂದಳು. ಇದು ಸತ್ಯವೂ ಆಗಿತ್ತು, ಸಾಕಷ್ಟೂ ಆಗಿತ್ತು.

ಪರೀಕ್ಷಕರು ಕರವಸ್ತ್ರದಿಂದ ಹಣೆ ಒರೆಸಿಕೊಂಡು ನಿಯಮಾವಳಿ ತೆರೆದರು. ಅವರಿಗೆ ಕಷ್ಟ ಬಂದಾಗ ಪುಸ್ತಕ ತೆರೆಯುವ ಅಭ್ಯಾಸ ಮಾಡಿಸಿದ್ದೂ ಒಂದು ಚೀಟಿಯೇ ಇರಬೇಕು. "ಮೇಡಂ, ನಿಯಮ ಒಂಬತ್ತು. ಪರೀಕ್ಷಕರು ಅಭ್ಯರ್ಥಿಯ ಬಂಧುವಾಗಲಿ, ವಿದ್ಯಾರ್ಥಿಯಾಗಲಿ ಆಗಿರಬಾರದು. ನನಗೆ ಗೈಡ್ ಮಾಡಿದ್ದು ಈ ಅಕ್ಕನೇ ಅಂದ್ಮೇಲೆ ನಾನು ಇವರ ವಿದ್ಯಾರ್ಥಿ. ನಾನು ಇಲ್ಲಿ ಕೂರೋ ಹಾಗಿಲ್ಲ." ಅವರು ನಿಜಕ್ಕೂ ಕುರ್ಚಿ ಹಿಂದಕ್ಕೆ ಸರಿಸಿದರು.

ಆ ನಿಯಮವನ್ನೂ ಬರೆದವಳು ನಾನು. ಪರೀಕ್ಷಕರು ಎದ್ದು ಹೋದರೆ ವೈವಾ ಇಲ್ಲ. ಸಂಜೆ ಐದಕ್ಕೆ ಅವಳ ಐದು ವರ್ಷ ಮುಗಿಯುತ್ತದೆ, ಎಂಟು ಪತ್ರಿಕೆಯೂ ನೀರಿಗೆ. ಈ ಒಂಬತ್ತು ಸಾಲು ನನ್ನದು ಎಂದು ನಾನು ಹೇಳಿದರೆ ಪ್ರಬಂಧವೇ ತಿರಸ್ಕೃತ. ನಾನು ಎಷ್ಟು ಸೊಗಸಾಗಿ ಕಾನೂನು ಬರೆದಿದ್ದೆನೆಂದರೆ, ನುಸುಳಲು ಇಲಿಯ ಬಿಲವೂ ಇರಲಿಲ್ಲ. ಇದ್ದದ್ದು ಒಂದೇ ದಾರಿ: ಆ ಒಂಬತ್ತು ಸಾಲೂ ಅಂಚಿನ ಆ ಎರಡು ಪದಗಳಲ್ಲೇ ಇವೆ ಎನ್ನುವುದು. ಹಾಗೆನ್ನುವ ಅಧಿಕಾರ ಇದ್ದದ್ದು ಒಬ್ಬರಿಗೆ. ನಾವು ಮೂವರೂ ದೊಡ್ಡ ಪ್ರೊಫೆಸರರ ಕಡೆ ತಿರುಗಿದೆವು.

ತಮ್ಮ ಅಷ್ಟು ವರ್ಷಗಳ ಕೀರ್ತಿ ಪಕ್ಕದ ಕಿರುಕೋಣೆಯಲ್ಲಿ ಟೈಪಾದದ್ದು ಎಂದು ಅವರಿಗೆ ತಿಳಿದು ಎರಡು ನಿಮಿಷವೂ ಆಗಿರಲಿಲ್ಲ. ಅವರು ಕರಡನ್ನು ಮತ್ತೆ ಕೈಗೆ ತೆಗೆದುಕೊಂಡರು. ಬಹಳ ಹೊತ್ತು ನೋಡಿದರು. ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. ಕಿವಿ ಕೆಂಪಾಗಿತ್ತು.

"ಇಲ್ಲಿ ಒಂಬತ್ತು ಸಾಲು ಬರ್ದಿದೀನಿ ನಾನು," ಎಂದರು ಕೊನೆಗೆ. "ನಿಮಗ್ಯಾರಿಗೂ ನನ್ನ ಅಕ್ಷರ ಓದಕ್ಕೆ ಬರಲ್ಲ ಅಂದ್ರೆ ನಾನೇನ್ ಮಾಡ್ಲಿ? ಬರ್ದಿದ್ದು ನಾನು. ನಾನು ಹೇಳ್ತಿದೀನಿ, ಒಂಬತ್ತು ಸಾಲಿದೆ."

"ಸರ್, ಹದಿನಾಲ್ಕು ಚೀಟೀದು..." ಎಂದರು ಪರೀಕ್ಷಕರು.

"ಅದೂ ನಂದೇ. ಕಟ್ಟು ಬಿಚ್ಚಬೇಡ." ಆಮೇಲೆ ಕರಡಕ್ಕನ ಕಡೆ ತಿರುಗಿ, "ನಿನಗೂ ಈಚೀಚೆಗೆ ಓದೋದು ಮರ್ತುಹೋಗ್ತಿದೆ. ಕೂತ್ಕೋ" ಎಂದರು.

ಇದು ಮಾನ ಉಳಿಸಿಕೊಳ್ಳಲು ಹೇಳಿದ್ದೋ, ಅವಳ ಎಂಟು ಪತ್ರಿಕೆ ಉಳಿಸಲು ಹೇಳಿದ್ದೋ ನನಗೆ ಇಂದಿಗೂ ಗೊತ್ತಿಲ್ಲ. ಕೇಳಿಲ್ಲ. ಪರೀಕ್ಷಕರು ನನ್ನ ಮುಖ ನೋಡಿದರು. ವಿಶ್ವವಿದ್ಯಾಲಯದಲ್ಲಿ ನನ್ನ ಮುಖಕ್ಕೆ ಒಂದು ಬೆಲೆ ಇತ್ತು; ಅದು ಸುಳ್ಳಿಗೆ ಸಹಿ ಹಾಕುವ ಮುಖವಲ್ಲ ಎಂದು ಎಲ್ಲರೂ ನಂಬಿದ್ದರು. ವರದಿ ಪುಸ್ತಕ ಎಳೆದುಕೊಂಡೆ. ಸಾಮಾನ್ಯವಾಗಿ ಅದನ್ನು ಕರಡಕ್ಕ ಟೈಪ್ ಮಾಡುತ್ತಿದ್ದಳು, ಅಂದು ಕೈಯಲ್ಲೇ ಬರೆಯಬೇಕಾಯಿತು. 'ಮಾರ್ಗದರ್ಶಕರ ಟಿಪ್ಪಣಿಗಳು ವಿವರವಾಗಿವೆ ಮತ್ತು ಸ್ಪಷ್ಟವಾಗಿವೆ' ಎಂದು ಬರೆದು, ಕೆಳಗೆ ಗೆರೆ ಎಳೆದೆ.

"ಪ್ರಶ್ನೆ ಕೇಳಿ," ಎಂದೆ. "ಹೊತ್ತಾಗ್ತಿದೆ."

ಪರೀಕ್ಷಕರು ಕುರ್ಚಿ ಮುಂದಕ್ಕೆಳೆದುಕೊಂಡರು. ನಿಜ ಹೇಳಬೇಕೆಂದರೆ ಅವರು ಅವಳನ್ನು ಚೆನ್ನಾಗಿಯೇ ಹಿಂಡಿದರು, ಬಹುಶಃ ಹದಿನಾಲ್ಕು ಚೀಟಿಗಳ ಸೇಡು. ಗುಂಡಿಗಳನ್ನು ಮಕ್ಕಳು ಎತ್ತಿಕೊಂಡು ಹೋಗಿದ್ದರೆ? ಮೂರು ಕಟ್ಟಡ ನೋಡಿ ಊರಿನ ಮಾತು ಆಡಬಹುದೆ? ಅವಳು ಒಂದೂ ಪ್ರಶ್ನೆ ಬಿಡಲಿಲ್ಲ. ಗೊತ್ತಿಲ್ಲದ ಎರಡಕ್ಕೆ ಗೊತ್ತಿಲ್ಲ ಎಂದಳು. ಕೊನೆಗೆ ಅವರು ಅನುಬಂಧದ ಪುಟ ತೆರೆದರು.

"ನಿಮ್ಮ ಅತ್ತೆ ಇದನ್ನ ಓದಿದಾರಾ?"

"ಓದಿದಾರೆ ಸರ್."

"ಏನಂದ್ರು?"

"ಬೇರೆ ಮನೆಯವರ ಬಗ್ಗೆ ಬರ್ದಿದ್ದೆಲ್ಲಾ ನೂರಕ್ಕೆ ನೂರು ನಿಜ ಅಂದ್ರು."

ನಾಲ್ಕೂ ಮುಕ್ಕಾಲಿಗೆ ನಾವು ಮೂವರೂ ಸಹಿ ಹಾಕಿದೆವು. ದೊಡ್ಡ ಪ್ರೊಫೆಸರರು ಅಂದು ಯಾರೊಡನೆಯೂ ಮಾತಾಡದೆ ಮನೆಗೆ ಹೋದರು. ಮರುವಾರ ಒಬ್ಬ ವಿದ್ಯಾರ್ಥಿಯ ಕರಡನ್ನು ಅವರು ಒಂಬತ್ತನೆಯ ಪುಟದವರೆಗೆ ಓದಿದರೆಂದು ಸುದ್ದಿ. ನಾನು ನಂಬಲಿಲ್ಲ.

ಪ್ರಬಂಧಕ್ಕೆ ನಾನು ಕೊಟ್ಟದ್ದು ನೂರಕ್ಕೆ ಅರವತ್ತೆಂಟು. ಗ್ರಂಥಸೂಚಿಯಲ್ಲಿ ನಾಲ್ಕು ಕಡೆ ಪ್ರಕಟಣೆಯ ವರ್ಷ ಬಿಟ್ಟುಹೋಗಿತ್ತು, ಅದಕ್ಕೆ ನಾಲ್ಕು ಅಂಕ ಕಳೆದಿದ್ದೆ. ಅಂಕಪಟ್ಟಿ ಬಂದ ದಿನ ಕರಡಕ್ಕ ನನ್ನ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಪ್ರಬಂಧ, ಬೆರಳಿಗೆ ರಬ್ಬರ್ ಟೋಪಿ. ಧನ್ಯವಾದ ಹೇಳಲು ಬಂದಿದ್ದಾಳೆಂದುಕೊಂಡು ಬೇಸರವಾಯಿತು.

"ಮೇಡಂ, ವರ್ಷ ಬಿಟ್ಟಿರೋದು ಮೂರೇ ಕಡೆ. ನಾಲ್ಕನೇದು ನೀವು ಪುಟ ತಿರುಗಿಸ್ದಾಗ ನೋಡಿಲ್ಲ."

ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಮೂರೇ ಇತ್ತು. ಅರವತ್ತೊಂಬತ್ತು ಎಂದು ತಿದ್ದಿ, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿ ಕೊಟ್ಟೆ. ಅವಳು ಅಂಕಪಟ್ಟಿಯನ್ನು ಬೆಳಕಿಗೆ ಹಿಡಿದು ಶಾಯಿ ಒಣಗಿತೇ ಎಂದು ನೋಡಿ, ಚೀಲದಿಂದ ಹೊಸದೊಂದು ವಿದ್ಯಾರ್ಹತೆ ಫಾರಂ ತೆಗೆದು ಅಲ್ಲೇ ನಿಂತು ತುಂಬಿದಳು.